ವಿಪಿಎನ್ ಕನೆಕ್ಟ್ ಆಯಿತು, ಫೋಲ್ಡರ್ ಯಾಕೆ ತೆರೆಯುತ್ತಿಲ್ಲ?

ಧಾರವಾಡದ ಕ್ಯಾಂಪಸ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ರಜೆ ಬಂತೆಂದರೆ ಗದಗ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಫೋನ್ ಜಾಸ್ತಿ. ಪಿಎಚ್‌ಡಿ ಮಾಡುವವರದು ಹೆಚ್ಚಾಗಿ ಒಂದೇ ದೂರು: "ಸರ್, ವಿಪಿಎನ್ ಕನೆಕ್ಟ್ ಆಗೇತ್ರಿ, ಡಿಪಾರ್ಟ್‌ಮೆಂಟ್ ಫೋಲ್ಡರ್ ಮಾತ್ರ ಓಪನ್ ಆಗವಲ್ದ್ರಿ."

ವಿಪಿಎನ್ ನಿಮ್ಮ ಲ್ಯಾಪ್‌ಟಾಪನ್ನು ಕ್ಯಾಂಪಸ್ ನೆಟ್‌ವರ್ಕಿಗೆ ಮುಟ್ಟಿಸುತ್ತದೆ, ಅಷ್ಟೇ. ಫೋಲ್ಡರ್ ಇಟ್ಟುಕೊಂಡ ಸರ್ವರ್ 'ನೀವ್ಯಾರು' ಅಂತ ಬೇರೆಯಾಗಿಯೇ ಕೇಳುತ್ತದೆ. ವಿಭಾಗದ ಕಂಪ್ಯೂಟರ್ ಡೊಮೇನ್‌ಗೆ (ಕ್ಯಾಂಪಸ್‌ನ ಕಂಪ್ಯೂಟರ್, ಐಡಿಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಸೇರಿರುವುದರಿಂದ, ಬೆಳಿಗ್ಗೆ ಲಾಗಿನ್ ಆದ ಹೆಸರೇ ಅಲ್ಲಿ ನಡೆಯುತ್ತದೆ. ಸ್ವಂತ ಲ್ಯಾಪ್‌ಟಾಪ್ ಮಾತ್ರ ಮನೆಯ ಯೂಸರ್‌ನೇಮ್ ಕಳಿಸುತ್ತದೆ. ಸರ್ವರ್‌ಗೆ ಆ ಹೆಸರೇ ಗೊತ್ತಿಲ್ಲ.

ಅದಕ್ಕೇ ವಿಂಡೋಸ್‌ನಲ್ಲಿ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಮಾಡುವಾಗ 'ಡಿಫರೆಂಟ್ ಕ್ರೆಡೆನ್ಷಿಯಲ್ಸ್' ಎಂಬಲ್ಲಿ ಟಿಕ್ ಹಾಕಿ. ಯೂಸರ್‌ನೇಮ್ ಜಾಗದಲ್ಲಿ ಮೊದಲು ಡೊಮೇನ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ನಿಮ್ಮ ಕ್ಯಾಂಪಸ್ ಐಡಿ. ಮ್ಯಾಕ್ ಇದ್ದವರು ಫೈಂಡರ್‌ನ 'ಗೋ' ಮೆನುವಿನಲ್ಲಿ 'ಕನೆಕ್ಟ್ ಟು ಸರ್ವರ್' ನೋಡಿ. ಇತ್ತೀಚೆಗೆ ಪಾಸ್‌ವರ್ಡ್ ಬದಲಿಸಿದ್ದರೆ, ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದ ಹಳೆಯದನ್ನು ಅಳಿಸಿ.

'ನೆಟ್‌ವರ್ಕ್ ಪಾತ್' ಸಿಗಲಿಲ್ಲ ಅಂತ ಬಂದರೆ ಪಾಸ್‌ವರ್ಡ್ ತಿದ್ದುತ್ತಾ ಕೂರಬೇಡಿ. ಅಲ್ಲಿ ತೊಂದರೆ ದಾರಿಯದು. ಮೊದಲು ಸರ್ವರ್‌ನ ಗಿಡ್ಡ ಹೆಸರು ಬಿಟ್ಟು, ಕೊನೆಗೆ ಡೊಮೇನ್ ಹೆಸರೂ ಸೇರಿದ ಪೂರ್ತಿ ಹೆಸರು ಹಾಕಿ ನೋಡಿ. ಆಗಲೂ ಸಿಗದಿದ್ದರೆ ಮನೆಯ ರೂಟರ್ ಕಡೆ ತಿರುಗಿ. ಬಹಳಷ್ಟು ರೂಟರ್‌ಗಳು 192.168.1ರಿಂದ ಶುರುವಾಗುವ ವಿಳಾಸಗಳನ್ನೇ ಹಂಚುತ್ತವೆ. ಕ್ಯಾಂಪಸ್ ಸರ್ವರ್ ಕೂಡ ಅದೇ ಸಾಲಿನಲ್ಲಿದ್ದರೆ, ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ. ವಿಪಿಎನ್ ಕಡೆ ಹೋಗುವುದೇ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿ. ಅದರಲ್ಲಿ ತೆರೆದರೆ ಬಹುಪಾಲು ಇದೇ ಕಾರಣ. ರೂಟರ್ ಸೆಟ್ಟಿಂಗ್‌ನಲ್ಲಿ ಆ 192.168.1 ಅನ್ನು 192.168.77 ಮಾಡಿದರೆ ಸಾಕು.

'ವಿಪಿಎನ್ ಯಾಕ್ರಿ, ನೇರವಾಗಿ ಬಿಡಬಾರದಾ?' ಅಂತಲೂ ಕೇಳುತ್ತಾರೆ. ವಿಂಡೋಸ್ ಫೈಲ್ ಶೇರಿಂಗ್ 445ನೇ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಲ್ಲಿ, ನಡೆಯುತ್ತದೆ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಜಗತ್ತಿನ ತುಂಬಾ ಹರಡಿದ್ದು ಇದೇ ಪೋರ್ಟಿನಿಂದ, ಫೈಲ್ ಶೇರಿಂಗ್‌ನ ಹಳೆಯ ಆವೃತ್ತಿ ಎಸ್‌ಎಂಬಿ1ರಲ್ಲಿದ್ದ ದೋಷ ಹಿಡಿದು. ಆಸ್ಪತ್ರೆಗಳ ಕಂಪ್ಯೂಟರ್‌ಗಳೇ ಬೀಗ ಬಿದ್ದು ಕೂತಿದ್ದವು. ವರ್ಷಗಟ್ಟಲೆ ಹೊಲಹೊಲ ತಿರುಗಿ ತಂದ ಸರ್ವೆ ಡೇಟಾ ಇರುವ ಸರ್ವರನ್ನು ಹಾಗೆ ಬಯಲಿಗಿಡಲು ನಾನಂತೂ ಒಪ್ಪುವುದಿಲ್ಲ. ಯೂಟ್ಯೂಬ್ ನೋಡಿ ಎಸ್‌ಎಂಬಿ1 ಆನ್ ಮಾಡಿಕೊಂಡಿದ್ದರೆ, ದಯವಿಟ್ಟು ಇವತ್ತೇ ಆಫ್ ಮಾಡಿ. ಫೋಲ್ಡರ್ ತೆರೆಯದಿದ್ದರೆ ನಮಗೆ ಫೋನ್ ಮಾಡಿ, ಸ್ಕ್ರೀನ್ ಮೇಲೆ ಬಂದದ್ದನ್ನು ಇದ್ದ ಹಾಗೇ ಓದಿ ಹೇಳಿ.