ಹೊಯ್ಗೆ ದಿಬ್ಬ ಉಳಿಸಲು ಗಾಳಿಮರ ನೆಡಬಹುದಾ?

ಪ್ರಶ್ನೆ: ಮಲ್ಪೆ ಪಡುಕೆರೆಯಲ್ಲಿ ನಮ್ಮ ಮನೆ. ಎದುರಿನ ಹೊಯ್ಗೆ (ಮರಳು) ದಿಬ್ಬ ಪ್ರತಿ ಮಳೆಗಾಲ ಕರಗುತ್ತಾ ಇದೆ. ಈ ಸಲ ವನಮಹೋತ್ಸವಕ್ಕೆ ನೂರು ಗಾಳಿಮರದ ಸಸಿ ತಂದು ದಿಬ್ಬದ ಮೇಲೆ ನೆಟ್ಟರೆ ಹೊಯ್ಗೆ ನಿಲ್ಲುತ್ತದಾ?

ನಿಲ್ಲುವುದಿಲ್ಲ. ಹೂಡೆಯವರು ಕೇಳಿದಾಗಲೂ ಇದನ್ನೇ ಹೇಳಿದ್ದೆ, ಕಾಪುವಿನವರಿಗೂ, ಸಸಿಹಿತ್ಲಿನವರಿಗೂ ಇದನ್ನೇ ಹೇಳಿದ್ದೆ. ಆದರೂ ಜುಲೈ ಬಂತೆಂದರೆ ಜನ ಸಸಿ ಹಿಡಿದುಕೊಂಡು ಕಡಲ ಕಡೆ ಹೊರಡುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮಳೆಗಾಲದಲ್ಲಿ ಕಡಲು ದಿಬ್ಬದ ಬುಡ ಕಡಿಯುವುದು ಹೊಸತೇನಲ್ಲ. ಎಳೆದುಕೊಂಡ ಹೊಯ್ಗೆಯಲ್ಲಿ ಹೆಚ್ಚಿನ ಪಾಲು ದೂರ ಹೋಗುವುದೂ ಇಲ್ಲ. ದಡದಿಂದ ಸ್ವಲ್ಪ ಒಳಗೆ ನೀರಿನಡಿ ದಿಣ್ಣೆಯಾಗಿ ಕೂರುತ್ತದೆ. ದೊಡ್ಡ ಅಲೆಗಳು ಅಲ್ಲೇ ಮುರಿಯುತ್ತವೆ. ಮಳೆ ಬಿಟ್ಟ ಮೇಲೆ ಸಣ್ಣ ಅಲೆಗಳು ಅದನ್ನು ಮತ್ತೆ ದಡಕ್ಕೆ ತಂದು ಹಾಕುತ್ತವೆ. ಅದು ಒಣಗಿದ ಮೇಲೆ ಗಾಳಿ ಎತ್ತಿಕೊಂಡು ದಿಬ್ಬದ ಕಡೆ ಒಯ್ಯುತ್ತದೆ. ಹಿಂದಿನವರು ಮಳೆಗಾಲಕ್ಕೆಂದು ಅಕ್ಕಿಮುಡಿ ಕಟ್ಟಿ ಇಡುತ್ತಿದ್ದರಲ್ಲ, ದಿಬ್ಬವೂ ಹಾಗೆಯೇ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮುಡಿ ಬಿಚ್ಚುವುದು ತಪ್ಪಲ್ಲ. ಬೇಸಿಗೆಯಲ್ಲಿ ಮತ್ತೆ ಕಟ್ಟುವವರು ಇದ್ದಾರಾ ಎಂಬುದೇ ಪ್ರಶ್ನೆ. ಅಂದರೆ, ಗಾಳಿಯಲ್ಲಿ ಬರುವ ಹೊಯ್ಗೆಯನ್ನು ಹಿಡಿಯುವವರು ಯಾರು?

ಫೆಬ್ರವರಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕಡಲ ಬದಿ ನಿಂತು ನೋಡಿ. ಹೊಯ್ಗೆ ಕಾಲಿಗೆ ಚುಚ್ಚುತ್ತದೆ, ಮುಖಕ್ಕಲ್ಲ. ಅದು ಹಾರುವುದಿಲ್ಲ, ನೆಲದ ಮೇಲೆ ಜಿಗಿಯುತ್ತಾ ಹೋಗುತ್ತದೆ. ಹೆಚ್ಚಿನದೆಲ್ಲ ಮೊಣಕಾಲಿನ ಕೆಳಗೇ ಸಾಗುತ್ತದೆ. ಗಾಳಿಮರಕ್ಕೆ ಮೊಣಕಾಲಿನ ಮಟ್ಟದಲ್ಲಿ ಏನಿದೆ? ಬೋಳು ಕಾಂಡ ಮಾತ್ರ. ಮರ ಮೇಲೆ ಸುಯ್ ಅಂತ ಸದ್ದು ಮಾಡುತ್ತದೆ, ಹೊಯ್ಗೆ ಕೆಳಗಿನಿಂದ ನುಸುಳಿ ಹೋಗುತ್ತದೆ. ಸಾಲದ್ದಕ್ಕೆ ಅದರ ಸೂಜಿಯಂಥ ಕಡ್ಡಿಗಳು ಉದುರಿ ನೆಲಕ್ಕೆ ಚಾಪೆ ಹಾಸಿದಂತೆ ಬೀಳುತ್ತವೆ. ಆ ಚಾಪೆಯಡಿ, ಆ ನೆರಳಲ್ಲಿ ದಿಬ್ಬದ ಬಳ್ಳಿ ಏಳುವುದೇ ಇಲ್ಲ. ಹಿಡಿಯುವವರನ್ನೇ ಓಡಿಸಿದ ಹಾಗಾಯಿತು.

ಬೇರು ಹಿಡಿದುಕೊಳ್ಳುತ್ತದೆ ಅಂತೀರಾ? ಕಡಲು ಬುಡ ಕಡಿದು ಬೀಳಿಸಿದ ಗಾಳಿಮರದ ಪಕ್ಕ ನಾನು ಕುಳಿತು ನೋಡಿದ್ದೇನೆ. ಬೇರು ಗೆರಸೆಯ ಹಾಗೆ ಚಪ್ಪಟೆಯಾಗಿ ಹರಡಿತ್ತು. ಮರ ಬೀಳುವಾಗ ಆ ಗೆರಸೆ ತುಂಬಾ ಹೊಯ್ಗೆಯನ್ನೂ ಕಿತ್ತುಕೊಂಡೇ ಬಿದ್ದಿತ್ತು. ಹಿಂದೆ ಉಳಿದದ್ದು ಒಂದು ಹೊಂಡ. ಮುಂದಿನ ಅಲೆ ನೇರ ಅದರೊಳಗೆ ನುಗ್ಗಿತು.

"ಮತ್ತೆ ಅಷ್ಟು ವರ್ಷದಿಂದ ಗಾಳಿಮರದ ತೋಪು ನಿಂತಿಲ್ವಾ?" ಅಂತ ಕೇಳುವವರಿದ್ದಾರೆ. ನಿಂತಿದೆ. ಅದರ ಮುಂದೆ ಅಗಲವಾದ ದಡ ಇದೆ, ಅದಕ್ಕೇ ನಿಂತಿದೆ. ದಡ ಮರವನ್ನು ಉಳಿಸಿದೆ, ಮರ ದಡವನ್ನಲ್ಲ. ದಡ ಸವೆದ ಕಡೆ ತೋಪಿನ ಮೊದಲ ಸಾಲು ಎಲ್ಲಿದೆ ಎಂದು ಹೋಗಿ ನೋಡಿ. ಮನೆ, ತೆಂಗಿನ ತೋಟಕ್ಕೆ ಗಾಳಿ ತಡೆಯಲು, ದಿಬ್ಬದಿಂದ ಸಾಕಷ್ಟು ಹಿಂದೆ ನೆಡುತ್ತೀರಾ, ನನ್ನ ತಕರಾರಿಲ್ಲ. ಆ ಕೆಲಸಕ್ಕೆ ಅದು ಒಳ್ಳೆಯ ಮರವೇ.

ದಿಬ್ಬಕ್ಕೆ ಬೇಕಾದದ್ದು ನೀವು ದಿನಾ ತುಳಿದುಕೊಂಡು ಹೋಗುವ ಅಡುಂಬು ಬಳ್ಳಿ. ಎಲೆ ಆಡಿನ ಗೊರಸಿನ ಹಾಗೆ ಸೀಳಿರುತ್ತದೆ, ಹೂವು ನಸುನೇರಳೆ. ಒಂದು ಬಳ್ಳಿ ಎತ್ತಿ ನೋಡಿ, ಗಂಟು ಗಂಟಿಗೂ ಬೇರು. ಹೊಯ್ಗೆ ಮೇಲೆ ಬಿದ್ದು ಮುಚ್ಚಿದರೆ ಸಾಯುವುದಿಲ್ಲ, ಇನ್ನೂ ಮೇಲಕ್ಕೆ ಬಂದು ಹೊಸ ಬೇರು ಬಿಡುತ್ತದೆ. ಬಳ್ಳಿ ಏರಿದಂತೆ ದಿಬ್ಬವೂ ಏರುತ್ತದೆ. ಇದನ್ನೇ 'ಕಾಡು' ಅಂತ ಕಿತ್ತು, ಜಾಗ ಕ್ಲೀನ್ ಮಾಡಿ, ಅದೇ ಜಾಗದಲ್ಲಿ ಗಾಳಿಮರ ನೆಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಇದರ ಜೊತೆಗಾರ ರಾವಣನ ಮೀಸೆ ಹುಲ್ಲು. ಅದರ ಮುಳ್ಳುಚೆಂಡು ಗಾಳಿಗೆ ಉರುಳುತ್ತಾ ಹೋಗುವಾಗ ಮಕ್ಕಳು ಹಿಂದೆ ಓಡುತ್ತಾರಲ್ವಾ, ಅದು ಬೀಜ ಚೆಲ್ಲುತ್ತಾ ಹೋಗುವುದು. ದಿಬ್ಬದ ಹಿಂಬದಿಗೆ ಕೇದಗೆ, ಹೊನ್ನೆ ಸಾಕು. ಮೂಡೆ ಕಡುಬು ಕಟ್ಟುವ ಕೇದಗೆ ಎಲೆಯೂ ಮನೆ ಹತ್ತಿರವೇ ಸಿಕ್ಕಿತು.

ನೆಡುವುದು ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್). ಕಡಲು ಇಳಿದಿರಬೇಕು, ಹೊಯ್ಗೆ ಇನ್ನೂ ಒದ್ದೆ ಇರಬೇಕು. ಎರಡು ಮೊಳ ಉದ್ದದ ಬಳ್ಳಿ ತುಂಡು ಮಾಡಿ, ಒಂದು ಗೇಣು ಆಳದಲ್ಲಿ ಮಲಗಿಸಿ, ತುದಿ ಮಾತ್ರ ಹೊರಗೆ ಬಿಡಿ. ಮುಂದೆ ತೆಂಗಿನ ಮಡಲು ನಿಲ್ಲಿಸಿ ಬೇಲಿ ಕಟ್ಟಿ. ಒತ್ತಾಗಿ ಬೇಡ, ಅರ್ಧಕ್ಕರ್ಧ ಸಂದು ಇರಲಿ, ಗಾಳಿ ನಿಧಾನವಾದರೆ ಸಾಕು. ಕಡಲಿಗೆ ಇಳಿಯಲು ಒಂದೇ ದಾರಿ ಇಟ್ಟುಕೊಳ್ಳಿ, ಅದೂ ಓರೆಯಾಗಿ. ಬೈಕ್ ಹತ್ತಿಸಬೇಡಿ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುವ ಜಾಗವೂ ಇದೇ ದಡ. ಯಾರಾದರೂ ಜೆಸಿಬಿ ತಂದು ದಿಬ್ಬ ಸಮ ಮಾಡಲು ಹೊರಟರೆ, 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಮರಳು ದಿಬ್ಬ ಒಂದು-ಎ ವರ್ಗದಲ್ಲಿದೆ ಎಂದು ತೋರಿಸಿ. ಅದಕ್ಕಿಂತ ಬಿಗಿಯಾದ ವರ್ಗ ಅದರಲ್ಲಿಲ್ಲ.

ನೀವು ಕೇಳದ ಒಂದು ಮಾತೂ ಹೇಳಿಬಿಡುತ್ತೇನೆ, ಪಡುಕೆರೆಯವರಾದ್ದರಿಂದ. ನಿಮ್ಮ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅಂಥ ಪಟ್ಟಿಯಲ್ಲೂ ಸಿಹಿನೀರಿನ ಬಾವಿ ಇರುವುದು ಹೇಗೆ? ಅದೂ ಹೊಯ್ಗೆಯ ಕೆಲಸ. ಬಿದ್ದ ಮಳೆ ಹೊಯ್ಗೆಯಲ್ಲಿ ಇಂಗಿ, ಭಾರದ ಉಪ್ಪುನೀರಿನ ಮೇಲೆ ಸಿಹಿನೀರಾಗಿ ತೇಲಿ ನಿಲ್ಲುತ್ತದೆ. ಸಿಹಿನೀರಿನ ಮಟ್ಟ ಕಡಲಿಗಿಂತ 1 ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ಇದನ್ನೇ ತಿರುಗಿಸಿ ನೋಡಿ. ಮೇಲೆ 1 ಅಡಿ ಇಳಿದರೆ ಕೆಳಗಿನಿಂದ ಉಪ್ಪು 40 ಅಡಿ ಏರಿ ಬರುತ್ತದೆ. ದಿಬ್ಬ ಸಮ ಮಾಡಿ ಹೊಯ್ಗೆ ಸಾಗಿಸಿದ ಕಡೆ ಮಳೆನೀರು ನಿಲ್ಲುವ ಜಾಗವೇ ಕಡಿಮೆಯಾಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಯಿತು ಎಂದು ಇನ್ನೂ ಆಳ ತೋಡಿಸಬೇಡಿ. ತೋಡಿದಷ್ಟೂ ಉಪ್ಪು ಹತ್ತಿರ ಬರುತ್ತದೆ. ಪಂಪು ಜಾಸ್ತಿ ಹೊತ್ತು ಓಡಿಸಬೇಡಿ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತಿ.