ಅಮೆರಿಕದ ಕ್ರಾಂತಿ: ತೆರಿಗೆ ಎಷ್ಟು ಎಂಬುದಕ್ಕಿಂತ ಹಾಕುವವರು ಯಾರು ಎಂಬ ಜಗಳ

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾರಣ ಕೇಳಿದರೆ ಹೆಚ್ಚಿನವರು ‘ಬ್ರಿಟಿಷರು ವಿಪರೀತ ತೆರಿಗೆ ಹೇರಿದರು’ ಎಂದು ಬರೆದು ಮುಗಿಸುತ್ತಾರೆ. ಈ ಉತ್ತರ ನಿಲ್ಲುವುದಿಲ್ಲ. 1764ರಲ್ಲಿ ಸುಂಕದ ದರ ಇಳಿಯಿತು, 1773ರಲ್ಲಿ ಚಹಾ ಅಗ್ಗವಾಯಿತು. ಜನ ಕೆರಳಿದ್ದು ಆ ಎರಡೂ ಸಲ. ಆದ್ದರಿಂದ ಪ್ರತಿ ಕಾಯ್ದೆಯ ಎದುರು ಎರಡು ಪ್ರಶ್ನೆ ಇಟ್ಟುಕೊಂಡು ಓದಿ: ತೆರಿಗೆ ಹಾಕಿದವರು ಯಾರು? ಬಂದ ಹಣ ಯಾರ ಕೈಯಲ್ಲಿತ್ತು?

1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿದಾಗ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಮೆರಿಕದಲ್ಲಿ ಇರಿಸಿದ ಸೈನ್ಯದ ಖರ್ಚಿಗೆ ವಸಾಹತುಗಳೂ ಪಾಲು ಕೊಡಲಿ ಎಂಬುದು ಪ್ರಧಾನಿ ಗ್ರೆನ್‌ವಿಲ್ ವಾದ. ಮೊದಲು ಬಂದದ್ದು 1764ರ ಸಕ್ಕರೆ ಕಾಯ್ದೆ. ನ್ಯೂ ಇಂಗ್ಲೆಂಡಿನವರು ರಮ್ ಕಾಯಿಸಲು ಫ್ರೆಂಚ್ ದ್ವೀಪಗಳಿಂದ ಕಾಕಂಬಿ ತರುತ್ತಿದ್ದರು. 1733ರಿಂದಲೂ ಅದಕ್ಕೆ ಗ್ಯಾಲನ್ನಿಗೆ 6 ಪೆನ್ನಿ ಸುಂಕವಿತ್ತು, ಆದರೆ ಕಟ್ಟುವವರು ವಿರಳ. ಕಳ್ಳಸಾಗಣೆ, ಲಂಚದಲ್ಲೇ ವ್ಯಾಪಾರ ನಡೆಯುತ್ತಿತ್ತು. ಗ್ರೆನ್‌ವಿಲ್ ದರವನ್ನು 3 ಪೆನ್ನಿಗೆ ಇಳಿಸಿ, ವಸೂಲಿಯನ್ನು ಬಿಗಿ ಮಾಡಿದ. ಸಿಕ್ಕಿಬಿದ್ದ ಹಡಗಿನ ಮೊಕದ್ದಮೆಯನ್ನು ಜ್ಯೂರಿಯೇ (ಸಾಮಾನ್ಯ ಜನರಿಂದ ಆರಿಸಿ ಕೂರಿಸಿದ ತೀರ್ಪುಗಾರರು) ಇಲ್ಲದ ನೌಕಾ ನ್ಯಾಯಾಲಯಕ್ಕೆ ಒಯ್ಯಬಹುದಿತ್ತು. ಊರಿನ ಜ್ಯೂರಿ ಊರಿನ ವ್ಯಾಪಾರಿಯನ್ನು ಬಿಟ್ಟುಬಿಡುತ್ತದೆ ಎಂಬುದು ಲಂಡನ್ನಿಗೆ ಗೊತ್ತಿತ್ತು.

1765ರ ಸ್ಟ್ಯಾಂಪ್ ಕಾಯ್ದೆಯನ್ನು ನಮ್ಮ ಛಾಪಾ ಕಾಗದದ ಹಾಗೆ ಕಲ್ಪಿಸಿಕೊಳ್ಳಿ. ಕರಾರುಪತ್ರ, ಕೋರ್ಟಿನ ಕಾಗದ, ಪತ್ರಿಕೆ, ಪಂಚಾಂಗ ಎಲ್ಲವೂ ಮುದ್ರೆ ಒತ್ತಿದ ಕಾಗದದಲ್ಲೇ ಇರಬೇಕು. ಅರ್ಧ ಹಾಳೆಯ ಪತ್ರಿಕೆಗೆ ಅರ್ಧ ಪೆನ್ನಿ, ಇಸ್ಪೀಟಿನ ಕಟ್ಟಿಗೆ 1 ಶಿಲಿಂಗ್, ಜೋಡಿ ದಾಳಕ್ಕೆ 10 ಶಿಲಿಂಗ್. ಏಟು ನೇರವಾಗಿ ಬಿದ್ದದ್ದು ವಕೀಲರಿಗೆ, ಮುದ್ರಕರಿಗೆ, ಹೆಂಡದಂಗಡಿಯವರಿಗೆ. ಊರಿಗೆಲ್ಲ ಸುದ್ದಿ ಹಬ್ಬಿಸುವವರೇ ಇವರು! ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ, ತಾವು ಆರಿಸದ ಪಾರ್ಲಿಮೆಂಟಿಗೆ ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕಿಲ್ಲ ಎಂದರು. ‘ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ’ ಎಂಬ ಘೋಷಣೆಯ ತಿರುಳು ಇದೇ. ಕಾಯ್ದೆ ಜಾರಿಗೆ ಬರಬೇಕಿದ್ದ ನವೆಂಬರ್ 1ರ ಹೊತ್ತಿಗೆ ಸ್ಟ್ಯಾಂಪ್ ಹಂಚಬೇಕಾದವರಲ್ಲಿ ಬಹುತೇಕರು ಹೆದರಿ ರಾಜೀನಾಮೆ ಕೊಟ್ಟಿದ್ದರು.

1766ರಲ್ಲಿ ಕಾಯ್ದೆ ರದ್ದಾಯಿತು ಎಂದಷ್ಟೇ ಬರೆದರೆ ಸಾಲದು. ಅದರ ಜೊತೆಗೇ ಪಾರ್ಲಿಮೆಂಟು ಘೋಷಣಾ ಕಾಯ್ದೆ ಮಾಡಿ, ಎಲ್ಲ ವಿಷಯಗಳಲ್ಲೂ ವಸಾಹತುಗಳಿಗೆ ಕಾನೂನು ಮಾಡುವ ಅಧಿಕಾರ ತನಗಿದೆ ಎಂದು ಬರೆದಿಟ್ಟುಕೊಂಡಿತು. ತೆರಿಗೆ ಹೋಯಿತು, ಹಕ್ಕಿನ ಪಟ್ಟು ಉಳಿಯಿತು.

1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಟೌನ್‌ಶೆಂಡ್ ತಂದ ಸುಂಕ ಗಾಜು, ಸೀಸ, ಕಾಗದ, ಬಣ್ಣ, ಚಹಾಗಳ ಮೇಲೆ ಬಿತ್ತು. ಇಲ್ಲಿ ಎರಡನೆಯ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ಹಲವು ವಸಾಹತುಗಳಲ್ಲಿ ಗವರ್ನರನಿಗೆ ಸಂಬಳ ಕೊಡುತ್ತಿದ್ದದ್ದು ಸ್ಥಳೀಯ ಶಾಸನಸಭೆ; ಅವನ ಲಗಾಮು ಅದರ ಕೈಯಲ್ಲಿತ್ತು. ಈಗ ಸುಂಕದ ಹಣದಿಂದಲೇ ಗವರ್ನರ್, ನ್ಯಾಯಾಧೀಶರಿಗೆ ಸಂಬಳ ಕೊಡುವ ಏರ್ಪಾಡಾಯಿತು. ಲಗಾಮು ಕಡಿದಂತಾಯಿತು. 1770ರಲ್ಲಿ ಉಳಿದ ಸುಂಕ ತೆಗೆದು ಚಹಾದ ಮೇಲೆ ಮಾತ್ರ ರಾತಲಿಗೆ 3 ಪೆನ್ನಿ ಉಳಿಸಿದರು.

ಚಹಾದ ಕಥೆಗೆ ನಮ್ಮ ಕಡೆಯ ನಂಟೂ ಇದೆ. ಬಂಗಾಳದ ಕ್ಷಾಮ, 1767–69ರಲ್ಲಿ ಹೈದರ್ ಅಲಿಯೊಡನೆ ನಡೆದ ಯುದ್ಧದ ಖರ್ಚು ಇತ್ಯಾದಿಗಳಿಂದ ಈಸ್ಟ್ ಇಂಡಿಯಾ ಕಂಪನಿ ಮುಳುಗುವ ಸ್ಥಿತಿಗೆ ಬಂದಿತ್ತು. ಲಂಡನ್ನಿನ ಗೋದಾಮಿನಲ್ಲಿ ಚಹಾ ಕೊಳೆಯುತ್ತಿತ್ತು. (ಅದು ಚೀನಾದ ಚಹಾ. ‘ಅಸ್ಸಾಂ ಚಹಾ’ ಎಂದು ಬರೆಯಬೇಡಿ.) 1773ರ ಕಾಯ್ದೆ ಅದನ್ನು ಕಂಪನಿಯೇ ನೇರವಾಗಿ ಅಮೆರಿಕದಲ್ಲಿ ಅಗ್ಗಕ್ಕೆ ಮಾರಲು ಬಿಟ್ಟಿತು, 3 ಪೆನ್ನಿ ಮಾತ್ರ ಬಿಡಲಿಲ್ಲ. ಅಗ್ಗದ ಚಹಾ ಕೊಂಡರೆ ಪಾರ್ಲಿಮೆಂಟಿನ ಹಕ್ಕು ಒಪ್ಪಿದಂತೆ, ಜೊತೆಗೆ ಸ್ಥಳೀಯ ವ್ಯಾಪಾರಿ ಮುಳುಗಿದಂತೆ. ಹಡಗು ಬಂದ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಅಧಿಕಾರಿಗಳು ಸರಕು ಜಪ್ತಿ ಮಾಡಬಹುದಿತ್ತು. ಚಹಾ ಹೊತ್ತ ‘ಡಾರ್ಟ್‌ಮತ್’ ಹಡಗು ಬಾಸ್ಟನ್ ತಲುಪಿದ್ದು ನವೆಂಬರ್ 28ಕ್ಕೆ. ಗಡುವು ಮುಗಿಯುವ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಪ್ರತಿಭಟನಾಕಾರರು ಮೂರು ಹಡಗುಗಳ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಆ ದಿನವೇ ಏಕೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಶಿಕ್ಷೆಯಾಗಿ 1774ರಲ್ಲಿ ಬಾಸ್ಟನ್ ಬಂದರು ಮುಚ್ಚಿತು. 1775ರ ಏಪ್ರಿಲ್‌ನಲ್ಲಿ ಗುಂಡು ಹಾರಿತು. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯ ಆರೋಪಪಟ್ಟಿಯಲ್ಲಿ ‘ಒಪ್ಪಿಗೆಯಿಲ್ಲದ ತೆರಿಗೆ’ಯೂ ಒಂದು. 1782ರಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. ಬ್ರಿಟಿಷರ ಶತ್ರು ಎಂಬ ಅಭಿಮಾನ ಅಷ್ಟು ದೂರ ಮುಟ್ಟಿತ್ತು.

ವಿದ್ಯಾರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುವ ಭಾಗ ಮುಂದಿನದು. ತೆರಿಗೆಗೆ ಬೆಂದವರು 1781ರಲ್ಲಿ ಜಾರಿಗೆ ತಂದ ಮೊದಲ ಒಕ್ಕೂಟ ವ್ಯವಸ್ಥೆಯಲ್ಲಿ ಕಾಂಗ್ರೆಸ್ಸಿಗೆ (ರಾಜ್ಯಗಳ ಪ್ರತಿನಿಧಿಗಳ ಕೇಂದ್ರ ಸಭೆ) ತೆರಿಗೆ ಹಾಕುವ ಅಧಿಕಾರವನ್ನೇ ಕೊಡಲಿಲ್ಲ. ಅದು ರಾಜ್ಯಗಳ ಮುಂದೆ ಕೈಚಾಚಬೇಕು; ರಾಜ್ಯಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ತಿದ್ದುಪಡಿಗೆ 13 ರಾಜ್ಯಗಳೂ ಒಪ್ಪಬೇಕು. ಆಮದಿನ ಮೇಲೆ ಶೇ. 5 ಸುಂಕದ ಪ್ರಸ್ತಾವವನ್ನು 1782ರಲ್ಲಿ ಪುಟ್ಟ ರೋಡ್ ಐಲೆಂಡ್ ತಡೆಯಿತು, ಮುಂದಿನ ಪ್ರಯತ್ನವನ್ನು ನ್ಯೂಯಾರ್ಕ್ ತಡೆಯಿತು. ಅತ್ತ ಮ್ಯಾಸಚೂಸೆಟ್ಸ್ ತನ್ನ ಸಾಲ ತೀರಿಸಲು ರೈತರಿಂದ ನಗದಿನಲ್ಲೇ ತೆರಿಗೆ ಕೇಳಿತು. ನಗದೇ ಇಲ್ಲದ ಹಳ್ಳಿಗಳು 1786ರಲ್ಲಿ ಡೇನಿಯಲ್ ಶೇಸ್ ಮುಂತಾದವರ ಹಿಂದೆ ನಿಂತು ಕೋರ್ಟುಗಳ ಬಾಗಿಲು ಮುಚ್ಚಿಸಿದವು. ಅದನ್ನು ಅಡಗಿಸಲು ಕೇಂದ್ರದ ಬಳಿ ಹಣವಿರಲಿಲ್ಲ. ರಾಜ್ಯವು ಶ್ರೀಮಂತ ವ್ಯಾಪಾರಿಗಳ ಚಂದಾದಿಂದ ಸೈನ್ಯ ಕಟ್ಟಿತು.

ಈ ಗಾಬರಿಯ ನೆರಳಿನಲ್ಲೇ 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚನೆಯಾಯಿತು. 1ನೇ ವಿಧಿಯ 8ನೇ ಪರಿಚ್ಛೇದ ಕಾಂಗ್ರೆಸ್ಸಿಗೆ ಕೊಟ್ಟ ಮೊದಲ ಅಧಿಕಾರವೇ ತೆರಿಗೆಯದು. ಆದರೆ ತೆರಿಗೆ ಮಸೂದೆ ಜನ ನೇರವಾಗಿ ಆರಿಸಿದ ಕೆಳಮನೆಯಲ್ಲೇ ಹುಟ್ಟಬೇಕು. ನಮ್ಮ ಹಣಕಾಸು ಮಸೂದೆ ಲೋಕಸಭೆಯಲ್ಲೇ ಮಂಡನೆಯಾಗಬೇಕು ಎಂಬ ನಿಯಮದೊಡನೆ ಇದನ್ನು ಹೋಲಿಸಿ ಓದಿ. ರಫ್ತಿಗೆ ತೆರಿಗೆಯಿಲ್ಲ. ನೇರ ತೆರಿಗೆಯೂ ಕೆಳಮನೆಯ ಸ್ಥಾನಗಳೂ ಒಂದೇ ಜನಗಣತಿಯ ಮೇಲೆ ಹಂಚಿಕೆ. ಅದರಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಮತವಿಲ್ಲದ ಆ ಜನರ ಲೆಕ್ಕದಿಂದ ಅವರ ಒಡೆಯರಿಗೆ ಹೆಚ್ಚು ಸ್ಥಾನ ದಕ್ಕಿತು. ಪ್ರಾತಿನಿಧ್ಯದ ಹೆಸರಿನಲ್ಲಿ ಹೋರಾಡಿದವರು ಮಾಡಿದ ಅನ್ಯಾಯವಿದು. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

1788ರ ಜೂನ್ 21ರಂದು ಸಂವಿಧಾನ ಜಾರಿಗೆ ಬೇಕಿದ್ದ ಒಂಬತ್ತನೆಯ ರಾಜ್ಯವಾಗಿ ನ್ಯೂ ಹ್ಯಾಂಪ್‌ಶೈರ್ ಅದನ್ನು ಅನುಮೋದಿಸಿತು. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಪ್ರಮಾಣವಚನ, ಜುಲೈ 4ರಂದು ಆಮದು ಸುಂಕದ ಕಾಯ್ದೆ. 1791ರಲ್ಲಿ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಸಲಹೆಯಂತೆ ವಿಸ್ಕಿ ಮೇಲೆ ಅಬಕಾರಿ ತೆರಿಗೆ ಬಿತ್ತು. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದಾಗ, 1794ರಲ್ಲಿ ಸುಮಾರು 13,000 ಮಂದಿಯ ಪಡೆ ಹೊರಟಿತು. ಈ ಸಲ ತೆರಿಗೆ ಹಾಕಿದ್ದು ಅವರ ಪ್ರತಿನಿಧಿಗಳೂ ಕೂತಿದ್ದ ಸಭೆ. ಚುನಾವಣೆಯಲ್ಲಿ ಜೆಫರ್ಸನ್ ಪಕ್ಷ ಗೆದ್ದ ಮೇಲೆ, 1802ರಲ್ಲಿ ಆ ತೆರಿಗೆಯನ್ನು ತೆಗೆದುಹಾಕಿದ್ದೂ ಅದೇ ಕಾಂಗ್ರೆಸ್ಸು.