ಸ್ಮಾರ್ಟ್ ಕಂಬದ ಯೂನಿಟ್ ಲೆಕ್ಕ

ಜಯನಗರದ ಒಂದು ಮುಖ್ಯರಸ್ತೆ. ಬೆಳಿಗ್ಗೆ ಹನ್ನೊಂದು ಗಂಟೆ, ಸುಡುಬಿಸಿಲು, ಮೂವತ್ತು ಬೀದಿದೀಪ ಉರಿಯುತ್ತಾ ನಿಂತಿದ್ದವು. ಕಂಟ್ರೋಲ್ ಪೆಟ್ಟಿಗೆ ತೆಗೆಸಿ ನೋಡಿದರೆ ಟೈಮರ್ ಸರಿಯಾಗಿಯೇ ಇತ್ತು. ಟೈಮರ್ ಹೇಳಿದಾಗ ಅಷ್ಟೂ ದೀಪಕ್ಕೆ ಕರೆಂಟ್ ಕೊಟ್ಟು ಕಡಿಯುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರು, ಅದರ ತುದಿಗಳು ಕರಗಿ ಅಂಟಿಕೊಂಡಿದ್ದವು. ಲೈನ್‌ಮ್ಯಾನ್ ಸ್ಕ್ರೂಡ್ರೈವರ್ ಹಿಡಿಯಿಂದ ಎರಡು ಸಲ ತಟ್ಟಿದ. ಟಕ್, ಅಷ್ಟೂ ದೀಪ ಆರಿದವು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದ್ದಕ್ಕೆ ಎಳನೀರಿನವರು ‘ಹಬ್ಬಕ್ಕೆ ಮುಂಚಿನಿಂದ’ ಅಂದರು. ಒಂದೊಂದೂ 110 ವ್ಯಾಟ್. ಹಗಲಿಗೆ 12 ಗಂಟೆ ಹಿಡಿದರೆ ದಿನಕ್ಕೆ ಹೆಚ್ಚುಕಡಿಮೆ 40 ಯೂನಿಟ್ ದಂಡ.

ಸ್ಮಾರ್ಟ್ ದೀಪ, ಅಂದರೆ ಹೊತ್ತು ನೋಡಿ ತಾನೇ ಹೊತ್ತಿ, ಆರಿ, ಮಂಕಾಗುವ ದೀಪ, ಹಾಕಿದರೆ ಕರೆಂಟ್ ಉಳಿಯುತ್ತದಾ ಅಂತ ಕೇಳುವವರಿಗೆ ನಾನು ಮೊದಲು ಎರಡು ಲೆಕ್ಕ ಬೇರೆ ಮಾಡಿ ತೋರಿಸುತ್ತೇನೆ. ಹಳೆಯ 250 ವ್ಯಾಟ್ ಸೋಡಿಯಂ ದೀಪ ಚೋಕ್ ಸೇರಿ 275ರ ಆಸುಪಾಸು ಎಳೆಯುತ್ತದೆ. ಆ ಜಾಗಕ್ಕೆ 110 ವ್ಯಾಟ್ ಎಲ್‌ಇಡಿ ಬಂದರೆ, ವರ್ಷಕ್ಕೆ 4,000 ಗಂಟೆ ಉರಿಯುವ ಕಂಬದಲ್ಲಿ 660 ಯೂನಿಟ್ ಉಳಿತಾಯ. ಇದರಲ್ಲಿ ಸ್ಮಾರ್ಟ್ ಅನ್ನುವಂಥದ್ದು ಏನೂ ಇಲ್ಲ, ಬಲ್ಬ್ ಬದಲಾಗಿದೆ ಅಷ್ಟೇ. ಅದೇ ಎಲ್‌ಇಡಿಯನ್ನು ರಾತ್ರಿ ಹನ್ನೊಂದರಿಂದ ಐದರವರೆಗೆ ಅರ್ಧಕ್ಕೆ ಇಳಿಸಿದರೆ ಇನ್ನೊಂದು 120 ಯೂನಿಟ್ ಸಿಗುತ್ತದೆ. ಮುಖ್ಯರಸ್ತೆಯಲ್ಲಿ ಇದು ಮಾಡುವಂಥದ್ದೇ.

ಕ್ರಾಸ್ ರಸ್ತೆಗೆ ಬನ್ನಿ. ಅಲ್ಲಿರುವುದು 35 ವ್ಯಾಟ್ ದೀಪ. ಅರ್ಧಕ್ಕೆ ಇಳಿಸಿದರೆ ವರ್ಷಕ್ಕೆ 38 ಯೂನಿಟ್. ಆದರೆ ಹಾಗೆ ಇಳಿಸಲು ಕಂಬಕ್ಕೊಂದು ಕಂಟ್ರೋಲರ್ ಕೂರಿಸಿದರೆ ಅದು ಹಗಲಲ್ಲೂ ಎಚ್ಚರ ಇರಬೇಕು, ಲೈನ್ 24 ಗಂಟೆಯೂ ಜೀವಂತ ಇರಬೇಕು. ಅದು 2 ವ್ಯಾಟ್ ತಿಂದರೂ 17 ಯೂನಿಟ್ ಹೋಯಿತು. ಉಳಿದ 21 ಯೂನಿಟ್ಟಿಗೆ ಏಳೇಳು ರೂಪಾಯಿ ಹಿಡಿದರೂ ಕೈಗೆ ಬರುವುದು 150 ರೂಪಾಯಿ. ಕಂಟ್ರೋಲರ್ ಕೆಟ್ಟಾಗ ಏಣಿಗಾಡಿ ಒಂದು ಸಲ ಬಂದುಹೋಗುವ ಖರ್ಚಿಗೂ ಸಾಲದು.

ಮಾರಲು ಬರುವವರು ತೋರಿಸುವ ಗ್ರಾಫುಗಳು ಹೆಚ್ಚಾಗಿ ಯುರೋಪಿನವು. ಲಂಡನ್ನಿನಲ್ಲಿ ಡಿಸೆಂಬರಿನ ರಾತ್ರಿಗೂ ಜೂನಿನ ರಾತ್ರಿಗೂ ಸುಮಾರು 9 ಗಂಟೆ ಅಂತರ. ನಮ್ಮಲ್ಲಿ ಒಂದೂವರೆ ಗಂಟೆ. ರಾತ್ರಿಯ ಉದ್ದ ಇಷ್ಟು ಕಡಿಮೆ ಬದಲಾಗುವಾಗ ಟೈಮರೇ ಸಾಕು; ಕತ್ತಲು ನೋಡಿ ಹೊತ್ತಿಕೊಳ್ಳುವ ಸೆನ್ಸರ್ ಬೆಂಗಳೂರಿಗೆ ಉಳಿಸಿಕೊಡುವುದು ಅಷ್ಟಕ್ಕಷ್ಟೇ. ಮಳೆಮರದ ಕೆಳಗೆ ಕೂರಿಸಿದರಂತೂ ನಾಲ್ಕೂವರೆಗೇ ಸಂಜೆಯಾಯಿತು ಅಂದುಕೊಳ್ಳುತ್ತದೆ!

ಹಾಗಂತ ಎಲ್ಲವೂ ದಂಡ ಅಲ್ಲ. ಮೂವತ್ತು ನಲವತ್ತು ದೀಪಕ್ಕೆ ಒಂದು ಪೆಟ್ಟಿಗೆ, ಅದರಲ್ಲಿ ಸಿಮ್, ಮೀಟರ್: ಇಷ್ಟಿದ್ದರೆ ಜಯನಗರದ ಆ ಕಾಂಟ್ಯಾಕ್ಟರ್ ಅಂಟಿದ ಬೆಳಿಗ್ಗೆಯೇ ಎಂಜಿನಿಯರಿನ ಮೊಬೈಲಿಗೆ ಸಂದೇಶ ಬರುತ್ತಿತ್ತು. ನನ್ನ ಕಣ್ಣಿಗೆ ಸ್ಮಾರ್ಟ್ ಅಂದರೆ ಇದು. ಮೀಟರ್ ಮುಖ್ಯ ಯಾಕೆಂದರೆ, ಕಂಬ ಎಣಿಸಿ ವ್ಯಾಟ್ ಗುಣಿಸಿ ಬಿಲ್ ಹಾಕುವ ಕಡೆ ಎಷ್ಟು ಡಿಮ್ ಮಾಡಿದರೂ ಬಿಲ್ ಒಂದು ರೂಪಾಯಿ ಇಳಿಯುವುದಿಲ್ಲ. ಇನ್ನೊಂದು ಮೋಸವೂ ಇದೆ: ಕೆಟ್ಟುಹೋಗಿದ್ದ ಹಳೆಯ ದೀಪಗಳೆಲ್ಲ ಉರಿಯುತ್ತಿದ್ದವು ಅಂತ ಲೆಕ್ಕ ಹಿಡಿದು ‘ಉಳಿತಾಯ’ ತೋರಿಸುವುದು.

ಜಯನಗರದ ಪೆಟ್ಟಿಗೆಗೆ ಈಗ ಹೊಸ ಕಾಂಟ್ಯಾಕ್ಟರ್ ಬಂದಿದೆ. ಮೀಟರಿಗೆ ಜಾಗ ಬಿಟ್ಟಿದ್ದಾರೆ.